ಇಥಾಕ ನಗರದ ಸೋದರ ಸಂಘ

ವಿದ್ಯಾರ್ಥಿಯೊಬ್ಬನು ಓದುವುದಕ್ಕೆಂದು ಪರಸ್ಥಳಕ್ಕೆ ಹೊರಟಾಗ ಮನೆಯ ಹಿರಿಯರು ಮೊದಲು ಕೇಳುವ ಪ್ರಶ್ನೆ ಯಾವ ಶಾಸ್ತ್ರವನ್ನು ಓದುವೆ ಎಂಬುದಲ್ಲ. ಎಲ್ಲಿ ಇಳಿದುಕೊಳ್ಳುವೆ, ಊಟಕ್ಕೆ ಏನು ಏರ್ಪಾಟು ಎಂಬುದು. ನಮ್ಮ ನಾಡಿನ ಹಿಂದಿನ ತಲೆಮಾರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾದ ಅಗತ್ಯವೇ ಇರಲಿಲ್ಲ. ಸೋಮವಾರ ಒಂದು ಮನೆ, ಮಂಗಳವಾರ ಮತ್ತೊಂದು ಮನೆ ಎಂದು ವಾರಾನ್ನವನ್ನುಂಡು, ಯಾರದೋ ಜಗಲಿಯಲ್ಲಿ ಮಲಗಿ, ಬೀದಿಯ ದೀಪದ ಬೆಳಕಿನಲ್ಲಿ ಓದಿ, ಮುಂದೆ ದೊಡ್ಡ ಹುದ್ದೆಗೇರಿದವರ ಕಥೆಗಳನ್ನು ಮೈಸೂರು ಬೆಂಗಳೂರುಗಳ ಎಷ್ಟೋ ಮನೆಗಳಲ್ಲಿ ನಾವು ಕೇಳಿದ್ದೇವೆ. ಆ ಕಥೆಗಳಲ್ಲಿ ಸಾಮಾನ್ಯವಾಗಿ ಹೇಳದೆ ಬಿಟ್ಟ ಮಾತೊಂದುಂಟು. ವಾರಾನ್ನವು ಎಲ್ಲ ಜಾತಿಯ ಹುಡುಗರಿಗೂ ದೊರೆಯುತ್ತಿರಲಿಲ್ಲ. ಪಾಠಶಾಲೆಯ ಬಾಗಿಲು ತೆರೆದಿದ್ದು ಊರಿನ ಬಾಗಿಲು ಮುಚ್ಚಿದ್ದರೆ ಅಂಥ ಹುಡುಗನ ಗತಿ ಏನು?

ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ನಾವು ಇಂದು ಬಹು ದೂರದ ಒಂದು ಊರಿಗೆ ಹೋಗಿಬರೋಣ. ಅದು ಅಮೆರಿಕಾ ಸಂಯುಕ್ತಸಂಸ್ಥಾನದ ನ್ಯೂಯಾರ್ಕ್ ಪ್ರಾಂತದ ಇಥಾಕ ಎಂಬ ಚಿಕ್ಕ ನಗರ. ಅಲ್ಲಿನ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ೧೯೦೬ನೆಯ ಇಸವಿಯಲ್ಲಿ ಏಳು ಮಂದಿ ಕಪ್ಪು ವರ್ಣದ ತರುಣರು ಕಟ್ಟಿದ ಒಂದು ಸಂಘದ ಚರಿತ್ರೆಯೇ ಈ ಭಾಷಣದ ವಿಷಯ. ಆ ದೇಶದಲ್ಲಿ ಇಂಥ ಸಂಘಗಳನ್ನು ಫ್ರೆಟರ್ನಿಟಿ ಎನ್ನುತ್ತಾರೆ. ನಾವು ಸೋದರ ಸಂಘವೆಂದು ಕರೆಯೋಣ.

ಸೋದರ ಸಂಘವೆಂದರೇನು ಎಂಬುದನ್ನು ಮೊದಲು ಸ್ವಲ್ಪದರಲ್ಲಿ ಹೇಳಿಬಿಡುವುದು ಒಳ್ಳೆಯದು. ೧೭೭೬ನೆಯ ಇಸವಿ ಡಿಸೆಂಬರ್ ೫ರಂದು ವರ್ಜೀನಿಯ ಪ್ರಾಂತದ ವಿಲಿಯಂ ಅಂಡ್ ಮೇರಿ ಕಾಲೇಜಿನ ಐದು ಮಂದಿ ವಿದ್ಯಾರ್ಥಿಗಳು ಕೂಡಿ ಫೈ ಬೀಟ ಕಪ್ಪ ಎಂಬ ರಹಸ್ಯ ಸಂಘವನ್ನು ಸ್ಥಾಪಿಸಿದರು. ಆ ಹೆಸರು ಮೂರು ಗ್ರೀಕ್ ಅಕ್ಷರಗಳು ಮಾತ್ರ. ಅವು ಯಾವ ಮಾತುಗಳ ಆದ್ಯಕ್ಷರಗಳೆಂಬುದು ಒಳಗಿನವರಿಗೆ ಗೊತ್ತು, ಹೊರಗಿನವರಿಗೆ ಗುಟ್ಟು. ಸ್ವಾತಂತ್ರ್ಯಯುದ್ಧದ ಗಲಭೆಯಲ್ಲಿ ಇಂಗ್ಲೆಂಡಿನ ಸೈನ್ಯವು ಹತ್ತಿರ ಬಂದಾಗ, ೧೭೮೧ರಲ್ಲಿ, ಮೂಲಸಂಘವು ಬಾಗಿಲು ಹಾಕಿತು. ಆದರೆ ಅಷ್ಟರೊಳಗೆ ಯೇಲ್, ಹಾರ್ವರ್ಡ್ ಎಂಬೆಡೆಗಳಲ್ಲಿ ಅದರ ಶಾಖೆಗಳು ಬೇರೂರುವ ಏರ್ಪಾಟಾಗಿತ್ತು. ಮುಂದೆ ೧೮೩೧ರಲ್ಲಿ ಹಾರ್ವರ್ಡಿನ ಶಾಖೆಯವರು ಗುಟ್ಟನ್ನು ಬಿಟ್ಟುಕೊಟ್ಟರು. ಇಂದು ಅದು ಜಾಣ ವಿದ್ಯಾರ್ಥಿಗಳಿಗೆ ಸಲ್ಲುವ ಒಂದು ಮರ್ಯಾದೆ, ಅಷ್ಟೆ. ಆದರೆ ಅದು ಹಾಕಿಕೊಟ್ಟ ಮೇಲ್ಪಂಕ್ತಿ ಹಾಗೆಯೇ ಉಳಿಯಿತು. ಗ್ರೀಕ್ ಅಕ್ಷರಗಳ ಹೆಸರು, ಪ್ರತಿಜ್ಞೆ, ಗುರುತಿನ ಪದಕ, ಹಸ್ತಲಾಘವದ ಒಂದು ವಿಶೇಷ ಕ್ರಮ, ಬೇರೆ ಬೇರೆ ಕಾಲೇಜುಗಳಲ್ಲಿ ಶಾಖೆಗಳು: ಇವನ್ನೆಲ್ಲ ೧೮೨೫ರಿಂದ ಈಚೆಗೆ ಯೂನಿಯನ್ ಕಾಲೇಜಿನಲ್ಲಿ ಹುಟ್ಟಿದ ಸಂಘಗಳು ಎತ್ತಿಕೊಂಡವು, ಅಲ್ಲಿಂದ ದೇಶವೆಲ್ಲ ಹಬ್ಬಿದವು. ಕಾಲಕ್ರಮದಲ್ಲಿ ಇವು ಬರಿಯ ಚರ್ಚಾಕೂಟಗಳಾಗಿ ಉಳಿಯದೆ, ಸ್ವಂತ ಮನೆಗಳನ್ನು ಕಟ್ಟಿಸಿಕೊಂಡು, ಸದಸ್ಯರಿಗೆ ಊಟ ವಸತಿಗಳನ್ನೂ ಒದಗಿಸತೊಡಗಿದವು. ನಮ್ಮ ಕಥೆಗೆ ಮುಖ್ಯವಾದುದು ಈ ಕಡೆಯ ಸಂಗತಿಯೇ.

ಕಾರ್ನೆಲ್ ವಿಶ್ವವಿದ್ಯಾನಿಲಯವು ೧೮೬೫ರಲ್ಲಿ ಸ್ಥಾಪಿತವಾಗಿ ೧೮೬೮ರಲ್ಲಿ ಪಾಠಗಳನ್ನು ಆರಂಭಿಸಿತು. ಧನವನ್ನಿತ್ತ ಎಜ್ರಾ ಕಾರ್ನೆಲ್ ಎಂಬವರು ತಂತಿವರ್ತಮಾನದ ಉದ್ಯಮದಲ್ಲಿ ಐಶ್ವರ್ಯವಂತರಾದವರು, ಬಡತನದಲ್ಲಿ ಬೆಳೆದವರು. ಯಾವ ಮನುಷ್ಯನೇ ಬರಲಿ, ಯಾವ ವಿಷಯವನ್ನೇ ಬಯಸಲಿ, ಇಲ್ಲಿ ಅವನಿಗೆ ಶಿಕ್ಷಣ ದೊರೆಯಬೇಕೆಂಬುದು ಅವರ ಸಂಕಲ್ಪವಾಗಿತ್ತು. ವಿಶ್ವವಿದ್ಯಾನಿಲಯದ ಮುದ್ರೆಯ ಮೇಲೆಯೇ ಈ ಸಂಕಲ್ಪವನ್ನು ಕೆತ್ತಿದ್ದಾರೆ. ಆ ಕಾಲಕ್ಕೆ ಅದು ಎದೆಗಾರಿಕೆಯ ಮಾತು. ಅಂತರ್ಯುದ್ಧವು ಮುಗಿದು ಗುಲಾಮಗಿರಿಯು ರದ್ದಾದ ವರ್ಷವೇ ಆ ವರ್ಷ. ಸಂಕಲ್ಪವು ಸುಳ್ಳಾಗಲಿಲ್ಲ ಎಂಬುದನ್ನು ನಾವು ಮೊದಲೇ ಒಪ್ಪಿಕೊಳ್ಳಬೇಕು. ಕಪ್ಪು ವರ್ಣದವರಿಗೆ ಅಲ್ಲಿ ಪ್ರವೇಶವಿತ್ತು, ಪದವಿಯೂ ಇತ್ತು.

ಪ್ರವೇಶವಿತ್ತು, ತಂಗುವುದಕ್ಕೆ ಸ್ಥಳವಿರಲಿಲ್ಲ. ವಿಶ್ವವಿದ್ಯಾನಿಲಯವು ಕಯೂಗಾ ಸರೋವರವನ್ನು ನೋಡುವ ಬೆಟ್ಟದ ಮೇಲಿದೆ. ಊರು ಕೆಳಗೆ ತಪ್ಪಲಿನಲ್ಲಿದೆ. ನಡುವೆ ಕಡಿದಾದ ಏರು. ಮೊದಲನೆಯ ಅಧ್ಯಕ್ಷರಾಗಿದ್ದ ಆಂಡ್ರ್ಯೂ ಡಿಕ್ಸನ್ ವೈಟ್ ಅವರಿಗೆ ಸಾರ್ವಜನಿಕ ವಿದ್ಯಾರ್ಥಿನಿಲಯಗಳೆಂದರೆ ಅಷ್ಟು ಒಲವಿರಲಿಲ್ಲ. ಸೋದರ ಸಂಘದ ಮನೆಗಳಲ್ಲಿ ಸಂಸಾರದ ವಾತಾವರಣವಿರುತ್ತದೆ, ಹುಡುಗರು ಮನೆಯ ಹೊಣೆಯನ್ನು ಕಲಿಯುತ್ತಾರೆ ಎಂದು ಅವರು ಅವನ್ನೇ ಪ್ರೋತ್ಸಾಹಿಸಿದರು. ಹೀಗಾಗಿ ೧೯೦೬ರಲ್ಲಿ ಗಂಡು ವಿದ್ಯಾರ್ಥಿಗಳಿಗೆ ವಿಶ್ವವಿದ್ಯಾನಿಲಯದ ವಿದ್ಯಾರ್ಥಿನಿಲಯಗಳು ಇರಲಿಲ್ಲವೆಂದೇ ಹೇಳಬೇಕು. ಅನುಕೂಲವಂತರು ಸೋದರ ಸಂಘಗಳ ಭವನಗಳಲ್ಲಿದ್ದರು. ಉಳಿದವರು ಬಾಡಿಗೆಯ ಕೊಠಡಿಗಳಲ್ಲಿದ್ದರು. ಭವನಗಳಲ್ಲಿ ಕರಿಯರಿಗೆ ಸದಸ್ಯತ್ವವಿಲ್ಲ. ಆದರೆ ಅಲ್ಲಿ ಅವರಿಗೆ ಕೆಲಸವುಂಟು. ಹಗಲು ತರಗತಿಯಲ್ಲಿ ಪಕ್ಕದ ಬೆಂಚಿನಲ್ಲಿ ಕುಳಿತಿದ್ದವನಿಗೆ ರಾತ್ರಿ ಊಟದ ಮೇಜಿನ ಬಳಿ ನಿಂತು ಬಡಿಸುವುದು ಅವರಲ್ಲಿ ಹಲವರ ಜೀವನೋಪಾಯವಾಗಿತ್ತು. ಆ ಮನೆಗಳ ಮೋಜು, ಮಮತೆ, ಹಾಡು, ಹಳೆಯ ಸದಸ್ಯರು ಹೊಸಬರಿಗೆ ಪುಸ್ತಕ ಕೊಟ್ಟು ಉದ್ಯೋಗ ಕೊಡಿಸುವ ಪರಿ, ಎಲ್ಲವನ್ನೂ ಅವರು ಕಂಡರು. ಕಂಡದ್ದು ಕೈಯಲ್ಲಿ ತಟ್ಟೆ ಹಿಡಿದು.

೧೯೦೪-೦೫ರ ಸಾಲಿನಲ್ಲಿ ಕಾರ್ನೆಲಿನಲ್ಲಿದ್ದ ಆರು ಮಂದಿ ಕಪ್ಪು ವರ್ಣದ ವಿದ್ಯಾರ್ಥಿಗಳು ಮರುವರ್ಷ ಹಿಂದಿರುಗಲಿಲ್ಲ. ಆರು ಎಂಬುದು ದೊಡ್ಡ ಸಂಖ್ಯೆಯಲ್ಲ. ಸಾವಿರಗಟ್ಟಲೆ ವಿದ್ಯಾರ್ಥಿಗಳಿದ್ದ ಸಂಸ್ಥೆಯ ದಫ್ತರದಲ್ಲಿ ಆರು ಹೆಸರುಗಳು ಬಿಟ್ಟುಹೋದರೆ ಯಾರ ಗಮನಕ್ಕೂ ಬರುವುದಿಲ್ಲ. ಅವರನ್ನು ಯಾರೂ ಹೊರಗೆ ಹಾಕಿರಲಿಲ್ಲ. ಬಡತನ, ಬೇರ್ಪಟ್ಟ ಬಾಳು, ಪುಸ್ತಕಗಳನ್ನು ಹಂಚಿಕೊಂಡು ಓದುವುದಕ್ಕೂ ಜೊತೆಯಿಲ್ಲದ ಒಂಟಿತನ, ಇವು ಸದ್ದಿಲ್ಲದೆ ತಮ್ಮ ಕೆಲಸವನ್ನು ಮಾಡಿದ್ದವು. ಮುಂದಿನ ವರ್ಷ ಬಂದ ಹುಡುಗರಿಗೆ ಈ ಸಂಗತಿ ತಿಳಿದಿತ್ತು. ನಮ್ಮ ಅಭಿಪ್ರಾಯದಲ್ಲಿ ಈ ಸಂಘದ ನಿಜವಾದ ಅಡಿಗಲ್ಲು ಆ ಆರು ಖಾಲಿ ಸ್ಥಳಗಳೇ. ಹಿಂದಿರುಗದಿದ್ದ ಆರು ಮಂದಿಯ ನೆನಪಿನಲ್ಲಿ ಯಾವ ಉತ್ಸವವೂ ನಡೆಯುವುದಿಲ್ಲ. ಆದರೂ ಅವರಿಲ್ಲದೆ ಈ ಚರಿತ್ರೆಯಿಲ್ಲ.

೧೯೦೫-೦೬ರಲ್ಲಿ ಚಾರ್ಲ್ಸ್ ಪಾಯಿಂಡೆಕ್ಸ್‌ಟರ್ ಎಂಬ, ವಯಸ್ಸಿನಲ್ಲಿ ಸ್ವಲ್ಪ ಹಿರಿಯರಾದ ವಿದ್ಯಾರ್ಥಿಯೊಬ್ಬರು ಉಳಿದವರನ್ನು ಒಟ್ಟುಗೂಡಿಸಿದರು. ಬೆಟ್ಟದ ಕೆಳಗೆ ಊರಿನಲ್ಲಿ, ನಾರ್ತ್ ಆಲ್ಬನಿ ಬೀದಿಯ ೪೨೧ನೆಯ ನಂಬರಿನ ಮನೆಯಲ್ಲಿ ಹದಿನೈದು ದಿನಗಳಿಗೊಮ್ಮೆ ಕೂಟ. ಅಲ್ಲಿ ಸಾಹಿತ್ಯದ ಚರ್ಚೆ, ಪಾಠದ ಸಂಶಯಗಳ ನಿವಾರಣೆ, ಒಂದಿಷ್ಟು ಹರಟೆ. ವಿಶ್ವವಿದ್ಯಾನಿಲಯದಲ್ಲಿ ದೊರೆಯದ ನೆಲೆಯನ್ನು ಆ ಊರಿನ ಕರಿಯ ಸಂಸಾರಗಳು ತಮ್ಮ ಮನೆಯ ಪಡಸಾಲೆಯಲ್ಲಿ ಕೊಟ್ಟವು. ಹಿಂದೆ ದಕ್ಷಿಣದಿಂದ ತಪ್ಪಿಸಿಕೊಂಡು ಬರುತ್ತಿದ್ದ ಗುಲಾಮರಿಗೆ ಆಶ್ರಯವಿತ್ತ ಸಂತ ಜೇಮ್ಸರ ದೇವಾಲಯವೂ ಅದೇ ಊರಿನಲ್ಲಿದೆ. ಬಂದವರನ್ನು ಒಳಕ್ಕೆ ಕರೆದುಕೊಳ್ಳುವುದು ಆ ಜನರಿಗೆ ಹೊಸದಾಗಿರಲಿಲ್ಲ. ಸಂಘಗಳ ಚರಿತ್ರೆಯನ್ನು ಬರೆಯುವವರು ಅಧ್ಯಕ್ಷರ ಪಟ್ಟಿಯನ್ನು ಕೊಡುತ್ತಾರೆ. ಕೂಟದ ದಿನ ದೀಪ ಹಚ್ಚಿಟ್ಟು ಕುರ್ಚಿಗಳನ್ನು ಎರವಲು ತಂದ ಮನೆಯೊಡತಿಯರ ಪಟ್ಟಿ ಎಲ್ಲಿಯೂ ಸಿಕ್ಕುವುದಿಲ್ಲ.

ಕೂಟವು ಬೆಳೆದಂತೆ ಒಂದು ಭಿನ್ನಾಭಿಪ್ರಾಯವು ತಲೆಯೆತ್ತಿತು. ಸಾಹಿತ್ಯ ಸಂಘವಾಗಿಯೇ ಉಳಿದರೆ ಸಾಕೆಂದು ಪಾಯಿಂಡೆಕ್ಸ್‌ಟರರ ಮತ. ಹೆನ್ರಿ ಆರ್ಥರ್ ಕ್ಯಾಲಿಸ್, ಜಾರ್ಜ್ ಬಿಡಲ್ ಕೆಲ್ಲಿ ಮುಂತಾದ ಕಿರಿಯರಿಗೆ ಪೂರ್ಣವಾದ ಸೋದರ ಸಂಘವೇ ಬೇಕು. ರಾಬರ್ಟ್ ಹೆರಾಲ್ಡ್ ಓಗಲ್ ಎಂಬವರು ಪತ್ರಿಕೆಯ ಒಂದು ತುಣುಕನ್ನು ತಂದು ತೋರಿಸಿದರು: ಒಹಾಯೊ ಪ್ರಾಂತದ ವಿಶ್ವವಿದ್ಯಾನಿಲಯದಲ್ಲಿ ಕರಿಯ ವಿದ್ಯಾರ್ಥಿಗಳು ಅಂಥ ಸಂಘವೊಂದನ್ನು ಕಟ್ಟಿದ್ದಾರಂತೆ. ಉತ್ಸಾಹದಿಂದ ಅಲ್ಲಿಗೆ ಕಾಗದ ಬರೆದರು. ಅಂಥ ಸಂಘವು ಯಾವುದೂ ತಮಗೆ ತಿಳಿಯದೆಂದು ಉತ್ತರ ಬಂದಿತು. ಮಾದರಿಯಾಗಬೇಕಾಗಿದ್ದುದು ಕೈಗೆ ಸಿಕ್ಕಲಿಲ್ಲ, ತಾವೇ ಮಾದರಿಯಾಗಬೇಕಾಯಿತು.

ಪಾಯಿಂಡೆಕ್ಸ್‌ಟರರ ಪಕ್ಷವನ್ನು ನಾವು ಹಗುರವಾಗಿ ತಳ್ಳಿಹಾಕಲಾರೆವು. ನಿಮ್ಮನ್ನು ಬಾಗಿಲಲ್ಲಿ ನಿಲ್ಲಿಸಿದವರ ವೇಷವನ್ನೇ ನೀವು ತೊಡುವುದು ಸರಿಯೆ? ಅವರ ಗ್ರೀಕ್ ಅಕ್ಷರ, ಅವರ ಗುಟ್ಟು, ಅವರ ಪದಕ, ಇವುಗಳಿಂದ ನಿಮಗೇನಾಗಬೇಕು? ಈ ಆಕ್ಷೇಪಕ್ಕೆ ಬಲವುಂಟು. ಆದರೆ ಎದುರು ಪಕ್ಷದಲ್ಲಿಯೂ ಒಂದು ಸತ್ಯವಿದೆ. ಸಾಹಿತ್ಯ ಸಂಘಕ್ಕೆ ಮನಸ್ಸು ಬಂದಾಗ ಹೋಗಬಹುದು, ಬೇಸರವಾದಾಗ ಬಿಡಬಹುದು. ಹಣವಿಲ್ಲದೆ ನಾಳೆ ಕಾಲೇಜು ಬಿಡಲಿರುವ ಹುಡುಗನಿಗೆ ಅದು ಋಣಿಯಲ್ಲ. ಸೋದರನೆಂದು ಪ್ರತಿಜ್ಞೆ ಮಾಡಿ ಸ್ವೀಕರಿಸಿದವನನ್ನು ಕೈಬಿಡುವುದು ಅಷ್ಟು ಸುಲಭವಲ್ಲ. ಮಾತಿನ ನಂಟಿಗಿಂತ ವ್ರತದ ನಂಟು ಬಿಗಿಯಾದುದು ಎಂಬುದನ್ನು ಆ ಹುಡುಗರು ಮೇಜಿಗೆ ಬಡಿಸುತ್ತ ಕಲಿತಿದ್ದರು. ನಾವಾಗಿದ್ದರೆ ಯಾವ ಪಕ್ಷ ವಹಿಸುತ್ತಿದ್ದೆವೋ ಹೇಳಲಾರೆವು. ಕಿರಿಯರ ಪಕ್ಷವನ್ನೇ ವಹಿಸುತ್ತಿದ್ದೆವೆಂದು ತೋರುತ್ತದೆ.

ಆ ವರ್ಷದ ಶರತ್ಕಾಲವು ಹೇಗಿತ್ತೆಂಬುದನ್ನೂ ನೆನೆಯಬೇಕು. ಸೆಪ್ಟೆಂಬರಿನಲ್ಲಿ ಅಟ್ಲಾಂಟ ನಗರದಲ್ಲಿ ಬಿಳಿಯರ ಗುಂಪುಗಳು ಕರಿಯರ ಮೇಲೆ ಬಿದ್ದು ಹಲವಾರು ದಿನ ಕೊಲೆ ಸುಲಿಗೆಗಳನ್ನು ನಡೆಸಿದ್ದವು. ನವೆಂಬರಿನಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟರು, ಟೆಕ್ಸಸ್ ಪ್ರಾಂತದ ಬ್ರೌನ್ಸ್‌ವಿಲ್ ಊರಿನ ಗಲಭೆಯೊಂದರ ನೆಪದ ಮೇಲೆ, ೧೬೭ ಮಂದಿ ಕರಿಯ ಸೈನಿಕರನ್ನು ವಿಚಾರಣೆಯಿಲ್ಲದೆ ಕೆಲಸದಿಂದ ತೆಗೆದುಹಾಕಿದ್ದರು. ಆ ಅಪ್ಪಣೆಯು ತಪ್ಪೆಂದು ಸೈನ್ಯದವರು ಒಪ್ಪಿಕೊಂಡದ್ದು ೧೯೭೨ರಲ್ಲಿ. ಇಂಥ ವಾರ್ತೆಗಳನ್ನು ಪತ್ರಿಕೆಗಳಲ್ಲಿ ಓದುತ್ತಿದ್ದ ಹುಡುಗರು ೧೯೦೬ನೆಯ ಇಸವಿ ಡಿಸೆಂಬರ್ ೪ರ ರಾತ್ರಿ ಸೇರಿ ಸಾಹಿತ್ಯ ಸಂಘವೆಂಬ ವಿಚಾರವನ್ನು ಬಿಟ್ಟು ಆಲ್ಫ ಫೈ ಆಲ್ಫ ಎಂಬ ಸೋದರ ಸಂಘವೇ ಆಗತಕ್ಕುದೆಂದು ನಿಶ್ಚಯಿಸಿದರು. ಪಾಯಿಂಡೆಕ್ಸ್‌ಟರರು ಆ ಸಭೆಯಲ್ಲಿರಲಿಲ್ಲ. ಕೆಲ್ಲಿಯವರು ಮೊದಲನೆಯ ಅಧ್ಯಕ್ಷರಾದರು. ವರ್ಜೀನಿಯದ ಐವರು ಕೂಡಿದ ದಿನಕ್ಕೆ ಆ ರಾತ್ರಿ ನೂರಮೂವತ್ತು ವರ್ಷಗಳಿಗೆ ಒಂದೇ ದಿನ ಕಡಿಮೆ. ಅವರು ಇದನ್ನು ಗಮನಿಸಿದ್ದರೋ ಇಲ್ಲವೋ.

ಮೂರು ದಿನಗಳ ತರುವಾಯ, ಡಿಸೆಂಬರ್ ೭ರ ನಸುಕಿನಲ್ಲಿ, ಬೆಟ್ಟದ ಮೇಲೆ ಒಂದು ದೊಡ್ಡ ಅನಾಹುತವಾಯಿತು. ಬಿಳಿಯ ವಿದ್ಯಾರ್ಥಿಗಳ ಖೈ ಪ್ಸೈ ಎಂಬ ಸೋದರ ಸಂಘವು ವಾಸವಾಗಿದ್ದ ಭವನ ಆ ಊರಿನಲ್ಲಿ ಅತ್ಯಂತ ವೈಭವದ ಕಟ್ಟಡ. ಜೆನ್ನಿ ಮೆಗ್ರಾ ಫಿಸ್ಕ್ ಎಂಬ ಶ್ರೀಮಂತ ಮಹಿಳೆಯು ಅದನ್ನು ಕಟ್ಟಿಸಿ, ಅದರಲ್ಲಿ ಒಂದು ದಿನವೂ ಬಾಳದೆ ೧೮೮೧ರಲ್ಲಿ ತೀರಿಕೊಂಡಿದ್ದಳು. ಆ ಭವನಕ್ಕೆ ಬೆಂಕಿ ಬಿದ್ದು ನಾಲ್ವರು ವಿದ್ಯಾರ್ಥಿಗಳೂ, ಬೆಂಕಿಯಾರಿಸಲು ಬಂದ ಮೂವರು ಊರಿನ ಸ್ವಯಂಸೇವಕರೂ ಮಡಿದರು. ಆ ವಾರದಲ್ಲಿ ಇಥಾಕ ನಗರವು ಮಾತನಾಡಿದ್ದು ಇದನ್ನೇ. ಕೆಳಗಿನ ಬೀದಿಯಲ್ಲಿ ಏಳು ಮಂದಿ ಹುಡುಗರು ಮಾಡಿಕೊಂಡ ನಿರ್ಣಯವನ್ನು ಕೇಳಿದವರಿರಲಿಲ್ಲ.

ಆ ಏಳು ಮಂದಿಯನ್ನು ಸಂಘದವರು ಇಂದಿಗೂ ‘ರತ್ನಗಳು’ ಎಂದು ಕರೆಯುತ್ತಾರೆ. ರಾಜಸಭೆಯ ನವರತ್ನಗಳನ್ನು ಬಲ್ಲ ನಮಗೆ ಈ ಹೆಸರು ವಿಚಿತ್ರವೆನಿಸಲಾರದು. ಕ್ಯಾಲಿಸ್, ಕೆಲ್ಲಿ, ಓಗಲ್ ಇವರಲ್ಲದೆ ಚಾರ್ಲ್ಸ್ ಹೆನ್ರಿ ಚಾಪ್‌ಮನ್, ಯೂಜೀನ್ ಕಿಂಕಲ್ ಜೋನ್ಸ್, ನೆಥೇನಿಯಲ್ ಆಲಿಸನ್ ಮರ್ರಿ, ವರ್ಟ್ನರ್ ವುಡ್ಸನ್ ಟ್ಯಾಂಡಿ ಎಂಬವರು ಉಳಿದ ನಾಲ್ವರು. ಎಣಿಕೆಯಲ್ಲಿ ತಕರಾರು ಇಲ್ಲದೆ ಇರಲಿಲ್ಲ. ಜೋನ್ಸರನ್ನು ಸ್ಥಾಪಕರಲ್ಲಿ ಸೇರಿಸಬೇಕೆ ಬೇಡವೆ ಎಂಬ ಪ್ರಶ್ನೆ ದಶಕಗಳ ಕಾಲ ಎಳೆದಾಡಿ ೧೯೫೨ರಲ್ಲಿ ತೀರ್ಮಾನವಾಯಿತು. ಯಾವ ಸಂಸ್ಥೆಯ ಮೂಲಪುರುಷರ ಪಟ್ಟಿ ತಾನೆ ಮೊದಲ ದಿನವೇ ಸಿದ್ಧವಾಗಿರುತ್ತದೆ!

ಸಂಪ್ರದಾಯಗಳ ವಿಷಯದಲ್ಲಿ, ಗುಟ್ಟಾಗಿ ನಡೆಯುವ ದೀಕ್ಷಾವಿಧಿಯನ್ನು ಬಿಟ್ಟು, ಎಲ್ಲರಿಗೂ ತಿಳಿದಿರುವುದನ್ನಷ್ಟೇ ಹೇಳಬಲ್ಲೆವು. ಅವರ ಬಣ್ಣಗಳು ಕಪ್ಪು ಮತ್ತು ಹಳೆಯ ಚಿನ್ನದ ಬಣ್ಣ. ಹೂವು ಹಳದಿಯ ಗುಲಾಬಿ. ಹೆಸರು ಗ್ರೀಕ್ ಆದರೂ ಲಾಂಛನಕ್ಕೆ ಅವರು ಗ್ರೀಸ್ ದೇಶಕ್ಕೆ ಹೋಗಲಿಲ್ಲ. ಆಫ್ರಿಕಾ ಖಂಡದ ಈಜಿಪ್ಟಿನ ಸ್ಫಿಂಕ್ಸ್ ಎಂಬ ನರಸಿಂಹಾಕೃತಿಯನ್ನೂ ಗೀಜಾದ ಪಿರಮಿಡ್ಡುಗಳನ್ನೂ ಆರಿಸಿಕೊಂಡರು. ೧೯೧೪ರಲ್ಲಿ ಆರಂಭವಾದ ಅವರ ಪತ್ರಿಕೆಯ ಹೆಸರೂ ಸ್ಫಿಂಕ್ಸ್ ಎಂದೇ. ಎರವಲು ತಂದ ಪಾತ್ರೆಯಲ್ಲಿ ತಮ್ಮ ಮನೆಯ ನೀರು ತುಂಬಿದರು ಎನ್ನಬಹುದು. ಪಾಯಿಂಡೆಕ್ಸ್‌ಟರರ ಆಕ್ಷೇಪಕ್ಕೆ ಇದು ಅರ್ಧ ಉತ್ತರ. ಶಾಖೆಗಳಿಗೆ ಗ್ರೀಕ್ ವರ್ಣಮಾಲೆಯ ಅನುಕ್ರಮದಲ್ಲಿ ಹೆಸರು. ಕಾರ್ನೆಲಿನದು ಆಲ್ಫ ಶಾಖೆ. ಕಡೆಯ ಅಕ್ಷರವಾದ ಒಮೇಗದ ಹೆಸರಿನಲ್ಲಿ ಯಾವ ಕಾಲೇಜಿನಲ್ಲಿಯೂ ಶಾಖೆಯಿಲ್ಲ. ತೀರಿಕೊಂಡ ಸದಸ್ಯನನ್ನು ‘ಒಮೇಗ ಶಾಖೆಗೆ ಸೇರಿದನು’ ಎನ್ನುವುದು ಅವರ ರೂಢಿ. ಸತ್ತನೆಂದು ಹೇಳದೆ ಶಿವೈಕ್ಯನಾದನು, ವೈಕುಂಠವಾಸಿಯಾದನು ಎಂದು ಹೇಳುವ ನಮ್ಮ ಜನಕ್ಕೆ ಇದರ ಅಂತರಂಗ ತಿಳಿಯುತ್ತದೆ.

ಒಂದು ವರ್ಷದೊಳಗೆ ಸಂಘವು ಬೆಟ್ಟವನ್ನು ಇಳಿದು ಹೊರಟಿತು. ೧೯೦೭ರ ಡಿಸೆಂಬರಿನಲ್ಲಿ ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾನಿಲಯದಲ್ಲಿ ಬೀಟ ಶಾಖೆ, ರಿಚ್ಮಂಡಿನ ವರ್ಜೀನಿಯ ಯೂನಿಯನ್ನಿನಲ್ಲಿ ಗ್ಯಾಮ ಶಾಖೆ ಹುಟ್ಟಿದವು. ೧೯೦೮ರಲ್ಲಿ ಕೆನಡಾ ದೇಶದ ಟೊರಾಂಟೊದಲ್ಲಿ ಡೆಲ್ಟ ಶಾಖೆ. ಅದೇ ೧೯೦೮ರ ಕೊನೆಯಲ್ಲಿ ಹೋವರ್ಡಿನಲ್ಲಿ ಮೊದಲನೆಯ ಮಹಾಧಿವೇಶನ ನಡೆಯಿತು. ಸ್ಥಾಪಕರು ಓದು ಮುಗಿಸಿದರು. ಟ್ಯಾಂಡಿಯವರು ನ್ಯೂಯಾರ್ಕ್ ಪ್ರಾಂತದಲ್ಲಿ ಸನದು ಪಡೆದ ಮೊದಲ ಕರಿಯ ವಾಸ್ತುಶಿಲ್ಪಿಯಾಗಿ ಹಾರ್ಲೆಮ್ಮಿನ ಸಂತ ಫಿಲಿಪ್ಪರ ದೇವಾಲಯವನ್ನು ಜೊತೆಗಾರರೊಬ್ಬರೊಂದಿಗೆ ಕಟ್ಟಿದರು. ಕೆಲ್ಲಿಯವರು ಎಂಜಿನಿಯರಾಗಿ ಅದೇ ಪ್ರಾಂತದ ದೊಡ್ಡ ಕಾಲುವೆಯ ಕೆಲಸದಲ್ಲಿ ತೊಡಗಿದರು. ಜೋನ್ಸರು ನಗರಗಳಿಗೆ ವಲಸೆ ಬಂದ ಕರಿಯರಿಗೆ ಉದ್ಯೋಗ ವಸತಿಗಳನ್ನು ಒದಗಿಸುವ ನ್ಯಾಷನಲ್ ಅರ್ಬನ್ ಲೀಗ್ ಎಂಬ ಸಂಸ್ಥೆಯನ್ನು ೧೯೧೮ರಿಂದ ಎರಡು ದಶಕಗಳಿಗೂ ಮಿಕ್ಕಿ ನಡೆಸಿದರು. ಕ್ಯಾಲಿಸರು ವೈದ್ಯರಾದರು.

ಕಾರ್ನೆಲಿನಲ್ಲಿ ವಸತಿಯ ತೊಡಕು ಮಾತ್ರ ಅಷ್ಟು ಬೇಗ ಬಗೆಹರಿಯಲಿಲ್ಲ. ೧೯೧೧ರಲ್ಲಿ ಇಬ್ಬರು ಕರಿಯ ಹೆಣ್ಣುಮಕ್ಕಳು ವಿದ್ಯಾರ್ಥಿನಿಯರ ನಿಲಯವಾದ ಸೇಜ್ ಕಾಲೇಜಿನಲ್ಲಿ ಕೊಠಡಿ ಕೇಳಿದಾಗ, ಅವರನ್ನು ಸೇರಿಸಕೂಡದೆಂದು ಇನ್ನೂರಕ್ಕೂ ಮಿಕ್ಕ ವಿದ್ಯಾರ್ಥಿನಿಯರು ಅರ್ಜಿ ಬರೆದುಕೊಂಡರು. ವಿಶ್ವವಿದ್ಯಾನಿಲಯದ ಬಾಗಿಲುಗಳು ಬಣ್ಣವನ್ನೆಣಿಸದೆ ಎಲ್ಲರಿಗೂ ತೆರೆದಿರತಕ್ಕುವೆಂದು ಅಧ್ಯಕ್ಷ ಶರ್ಮನ್ ಉತ್ತರವಿತ್ತರು. ಉತ್ತರವು ಗೌರವಾರ್ಹವಾದುದೇ. ಆದರೆ ಅರ್ಜಿಗೆ ಸಹಿ ಮಾಡಿದವರು ಅನಕ್ಷರಸ್ಥರಲ್ಲ, ದಕ್ಷಿಣದ ಗುಲಾಮದಾರರೂ ಅಲ್ಲ. ಉತ್ತರದ ಒಂದು ಉದಾರ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ ತರುಣಿಯರು ಎಂಬುದನ್ನು ಮರೆಯುವಂತಿಲ್ಲ.

ಈಗ ಊಟದ ಮೇಜಿಗೆ ಮತ್ತೆ ಬರೋಣ. ಏಕೆಂದರೆ ಸಂಘದ ಚರಿತ್ರೆಯೇ ನಮ್ಮನ್ನು ಅಲ್ಲಿಗೆ ಕರೆತರುತ್ತದೆ. ೧೯೪೨ನೆಯ ಇಸವಿ ಮೇ ತಿಂಗಳಿನಲ್ಲಿ ಎಲ್ಮರ್ ಹೆಂಡರ್ಸನ್ ಎಂಬ ಸರ್ಕಾರಿ ನೌಕರರೊಬ್ಬರು ಕಚೇರಿಯ ಕೆಲಸಕ್ಕಾಗಿ ವಾಷಿಂಗ್ಟನ್ನಿನಿಂದ ದಕ್ಷಿಣಕ್ಕೆ ಸದರ್ನ್ ರೈಲಿನಲ್ಲಿ ಪ್ರಯಾಣ ಮಾಡುತ್ತಿದ್ದರು. ಆ ರೈಲಿನ ಊಟದ ಗಾಡಿಯಲ್ಲಿ ಅಡಿಗೆಮನೆಗೆ ಹತ್ತಿರದ ಎರಡು ಮೇಜುಗಳು ಕರಿಯರಿಗೆಂದು ನೇಮಕ. ನಡುವೆ ಒಂದು ಪರದೆ. ಹೆಂಡರ್ಸನ್ ಊಟಕ್ಕೆ ಹೋದಾಗ ಆ ಎರಡು ಮೇಜುಗಳಲ್ಲಿಯೂ ಬಿಳಿಯ ಪ್ರಯಾಣಿಕರು ಕುಳಿತಿದ್ದರು. ಅಲ್ಲಿ ಸ್ಥಳ ತೆರವಾಗಿದ್ದರೂ ಇವರನ್ನು ಕೂರಿಸಲಿಲ್ಲ. ನೀವಿರುವಲ್ಲಿಗೇ ಊಟ ಕಳುಹಿಸುತ್ತೇವೆಂದರು. ಅವರು ಒಪ್ಪಲಿಲ್ಲ. ಮತ್ತೆ ಹೋದರು, ಮತ್ತೆ ಹಿಂದಿರುಗಿದರು. ರಾತ್ರಿ ಒಂದು ನಿಲ್ದಾಣದಲ್ಲಿ ಊಟದ ಗಾಡಿಯನ್ನೇ ಕಳಚಿಬಿಟ್ಟರು. ಹೆಂಡರ್ಸನ್ ಉಪವಾಸ ಮಲಗಿದರು. ಆಮೇಲೆ ನ್ಯಾಯ ಕೇಳಲು ಹೊರಟರು.

ಮೊಕದ್ದಮೆಯು ಎಂಟು ವರ್ಷ ನಡೆಯಿತು. ಆಲ್ಫ ಫೈ ಆಲ್ಫ ಸಂಘವು ಹಣವನ್ನು ಒದಗಿಸಿತು. ಸಂಘದ ಮುಖಂಡರಲ್ಲೊಬ್ಬರಾಗಿದ್ದ ಬೆಲ್‌ಫರ್ಡ್ ಲಾಸನ್ ವಾದಿಸಿದರು. ರೈಲಿನವರು ನಡುವೆ ನಿಯಮವನ್ನು ತಿದ್ದಿ, ಬಿಳಿಯರಿಗೆ ಹತ್ತು ಮೇಜು, ಕರಿಯರಿಗೆ ಪರದೆಯ ಆಚೆ ಒಂದು ಮೇಜು ಎಂದು ಮಾಡಿದ್ದರು. ೧೯೫೦ನೆಯ ಇಸವಿ ಜೂನ್ ೫ರಂದು ಪರಮೋಚ್ಚ ನ್ಯಾಯಾಲಯವು, ಒಂದೇ ದರದ ಟಿಕೆಟು ಹೊಂದಿ ಒಂದೇ ಗಾಡಿಯಲ್ಲಿ ಉಣ್ಣುವವರ ನಡುವೆ ಪರದೆ ಕಟ್ಟುವುದು ರೈಲ್ವೆಯ ಕಾನೂನಿಗೆ ವಿರುದ್ಧವೆಂದು ತೀರ್ಪಿತ್ತಿತು. ಬಿಳಿಯ ಸಹಪಾಠಿಗಳ ಮೇಜಿಗೆ ಬಡಿಸುತ್ತಿದ್ದವರು ಕಟ್ಟಿದ ಸಂಘವು ನಲವತ್ತನಾಲ್ಕನೆಯ ವರ್ಷದಲ್ಲಿ ಒಂದು ಪರದೆಯನ್ನು ಕೆಳಗಿಳಿಸಿತು.

ಇದಕ್ಕೆ ಮುಂಚೆಯೇ, ೧೯೩೫-೩೬ರಲ್ಲಿ, ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯದ ನ್ಯಾಯಶಾಸ್ತ್ರ ಶಾಲೆಗೆ ಡೊನಾಲ್ಡ್ ಗೇನ್ಸ್ ಮರ್ರಿ ಎಂಬ ಕರಿಯ ಪದವೀಧರರನ್ನು ಸೇರಿಸಿಕೊಳ್ಳಬೇಕೆಂಬ ಮೊಕದ್ದಮೆಯಲ್ಲಿ ಸಂಘವು ಕೈಗೂಡಿಸಿತ್ತು. ವಾದಿಸಿದ ಚಾರ್ಲ್ಸ್ ಹ್ಯೂಸ್ಟನ್ನರೂ, ಅವರ ಶಿಷ್ಯ ತರ್ಗುಡ್ ಮಾರ್ಷಲರೂ ಸಂಘದ ಸದಸ್ಯರೇ. ಮರ್ರಿಯವರಿಗೆ ಜಯವಾಯಿತು. ಮಾರ್ಷಲರು ೧೯೬೭ರಲ್ಲಿ ಪರಮೋಚ್ಚ ನ್ಯಾಯಾಲಯದ ಮೊದಲ ಕರಿಯ ನ್ಯಾಯಾಧೀಶರಾದರು.

ಇಷ್ಟು ಹೊಗಳಿದ ಮೇಲೆ ಕಹಿಯನ್ನೂ ಹೇಳದಿದ್ದರೆ ಅದು ಚರಿತ್ರೆಯಾಗದೆ ಪರಾಕು ಆದೀತು. ಸೋದರ ಸಂಘಗಳಲ್ಲಿ, ಬಿಳಿಯರದಾಗಲಿ ಕರಿಯರದಾಗಲಿ, ಹೊಸಬರ ಸಹನೆಯನ್ನು ಪರೀಕ್ಷಿಸುವ ನೆಪದಲ್ಲಿ ಹೊಡೆಯುವ, ಅವಮಾನಿಸುವ, ನಿದ್ರೆಗೆಡಿಸುವ ಪದ್ಧತಿ ಬೆಳೆದು ಬಂದಿತು. ೧೯೮೯ರಲ್ಲಿ ಅಟ್ಲಾಂಟದ ಮೋರ್‌ಹೌಸ್ ಕಾಲೇಜಿನಲ್ಲಿ ಇದೇ ಆಲ್ಫ ಫೈ ಆಲ್ಫ ಸಂಘಕ್ಕೆ ಸೇರಬಯಸಿದ ತರುಣನೊಬ್ಬನು ಇಂಥ ಪರೀಕ್ಷೆಯ ನಡುವೆ ಪ್ರಾಣ ಬಿಟ್ಟನು. ಕರಿಯರ ಎಂಟು ಸಂಘಗಳೂ ಕೂಡಿ ೧೯೯೦ರಲ್ಲಿ ಆ ಉಮೇದುವಾರಿಯ ಪದ್ಧತಿಯನ್ನೇ ತೆಗೆದುಹಾಕಿದವು. ಗುಟ್ಟಾಗಿ ಅದು ಮುಂದುವರಿಯಿತೆಂಬುದು ಆಮೇಲಿನ ಮೊಕದ್ದಮೆಗಳಿಂದ ತಿಳಿದುಬರುತ್ತದೆ. ಕಾಲೇಜು ಬಿಟ್ಟುಹೋಗದಂತೆ ಹುಡುಗರನ್ನು ಹಿಡಿದಿಡಲೆಂದು ಹುಟ್ಟಿದ ಸಂಘದ ಬಾಗಿಲಲ್ಲಿಯೇ ಹುಡುಗನೊಬ್ಬನು ಸತ್ತನೆ ಎಂದು ನಮಗೆ ಬಹಳ ವ್ಯಥೆಯಾಗುತ್ತದೆ. ಗುಟ್ಟೆಂಬುದು ಬಲಹೀನರಿಗೆ ಕೋಟೆಯಾಗಬಲ್ಲದು; ಅದೇ ಕೋಟೆಯ ಒಳಗೆ ಏನು ನಡೆಯುತ್ತಿದೆಯೆಂದು ಕೇಳುವವರೂ ಇಲ್ಲದಂತಾಗುತ್ತದೆ. ಪಾಯಿಂಡೆಕ್ಸ್‌ಟರರ ಸಾಹಿತ್ಯ ಸಂಘದಲ್ಲಿ ಯಾರೂ ಸಾಯುತ್ತಿರಲಿಲ್ಲ ಎಂದು ಯಾರಾದರೂ ಹೇಳಿದರೆ ನಮ್ಮಲ್ಲಿ ಉತ್ತರವಿಲ್ಲ. ಅವರ ಗೌರವಕ್ಕೆ ಸಲ್ಲುವ ಇನ್ನೊಂದು ಮಾತನ್ನೂ ಹೇಳಬೇಕು. ಸದಸ್ಯತ್ವಕ್ಕೆ ಇದ್ದ ವರ್ಣದ ಕಟ್ಟನ್ನು ಅವರು ೧೯೪೫ರಷ್ಟು ಹಿಂದೆಯೇ ಬಿಟ್ಟುಕೊಟ್ಟರು. ಅವರನ್ನು ಹೊರಗಿಟ್ಟಿದ್ದ ಬಿಳಿಯ ಸಂಘಗಳಲ್ಲಿ ಎಷ್ಟೋ ಅದಕ್ಕೆ ಇನ್ನೂ ಹಲವು ವರ್ಷಗಳನ್ನು ತೆಗೆದುಕೊಂಡವು.

೧೯೫೨ರಲ್ಲಿ ಬಾಸ್ಟನ್ ನಗರದ ಸಿಗ್ಮ ಶಾಖೆಗೆ ಸೇರಿದ ಒಬ್ಬ ವಿದ್ಯಾರ್ಥಿಯ ಹೆಸರು ಮಾರ್ಟಿನ್ ಲೂಥರ್ ಕಿಂಗ್. ಸಂಘದ ಐವತ್ತನೆಯ ವರ್ಷದ ಅಧಿವೇಶನವು ೧೯೫೬ರ ಆಗಸ್ಟಿನಲ್ಲಿ ಬಫಲೊ ನಗರದಲ್ಲಿ ಸೇರಿದಾಗ, ಮಾಂಟ್‌ಗೊಮರಿಯ ಬಸ್ಸು ಬಹಿಷ್ಕಾರದ ನಡುವೆ ಅಲ್ಲಿಗೆ ಬಂದು ಅವರು ಭಾಷಣ ಮಾಡಿದರು. ೧೯೫೯ರಲ್ಲಿ ಅವರು ಪತ್ನೀಸಮೇತರಾಗಿ ಭಾರತಕ್ಕೆ ಬಂದು ಸುಮಾರು ಒಂದು ತಿಂಗಳು ಸಂಚರಿಸಿದರು. ಅವರೇ ೧೯೬೫ರಲ್ಲಿ ಹೇಳಿಕೊಂಡಂತೆ, ತಿರುವನಂತಪುರದಲ್ಲಿ ಹರಿಜನ ಮಕ್ಕಳು ಓದುತ್ತಿದ್ದ ಶಾಲೆಯೊಂದಕ್ಕೆ ಹೋಗಿದ್ದಾಗ ಮುಖ್ಯೋಪಾಧ್ಯಾಯರು ಅವರನ್ನು ಅಮೆರಿಕಾದಿಂದ ಬಂದ ನಿಮ್ಮಂಥ ಅಸ್ಪೃಶ್ಯರೊಬ್ಬರು ಎಂದು ಮಕ್ಕಳಿಗೆ ಪರಿಚಯ ಮಾಡಿಕೊಟ್ಟರಂತೆ. ಮೊದಲು ಅವರಿಗೆ ಆ ಮಾತು ಚುಚ್ಚಿತು. ಆಮೇಲೆ ತಮ್ಮ ದೇಶದ ತಮ್ಮ ಜನರ ಬಾಳನ್ನು ನೆನೆದು, ಹೌದು, ನಾನು ಅಸ್ಪೃಶ್ಯನೇ ಎಂದುಕೊಂಡರು. ವಾರಾನ್ನ ಸಿಕ್ಕದ ಹುಡುಗನೂ ಇಥಾಕದ ಹುಡುಗನೂ ಆ ಶಾಲೆಯ ಅಂಗಳದಲ್ಲಿ ಒಬ್ಬರನ್ನೊಬ್ಬರು ಕಂಡರೆಂದು ನಾವು ಭಾವಿಸುತ್ತೇವೆ. ವಾಷಿಂಗ್ಟನ್ನಿನಲ್ಲಿ ೨೦೧೧ರಲ್ಲಿ ತೆರೆದ ಕಿಂಗ್ ಸ್ಮಾರಕವನ್ನು ಮೊದಲು ೧೯೮೪ರಲ್ಲಿ ಸೂಚಿಸಿ, ಅದಕ್ಕಾಗಿ ದುಡಿದುದೂ ಇದೇ ಸಂಘವೇ.

ಏಳು ರತ್ನಗಳಲ್ಲಿ ಕಡೆಯವರಾಗಿ ಉಳಿದಿದ್ದ ಡಾಕ್ಟರ್ ಕ್ಯಾಲಿಸರು ೧೯೭೪ರಲ್ಲಿ ಒಮೇಗ ಶಾಖೆಗೆ ಸೇರಿದರು. ಶತಮಾನೋತ್ಸವವನ್ನು ಆರಂಭಿಸುವುದಕ್ಕಾಗಿ ೨೦೦೫ನೆಯ ಇಸವಿ ನವೆಂಬರ್ ೧೯ರಂದು ಏಳುನೂರಕ್ಕೂ ಮಿಕ್ಕ ಸದಸ್ಯರು ದೇಶದ ಮೂಲೆಮೂಲೆಗಳಿಂದ ಕಾರ್ನೆಲಿಗೆ ಬಂದು, ವಿಶ್ವವಿದ್ಯಾನಿಲಯದ ಆವರಣದಲ್ಲಿ ಮೌನವಾಗಿ ಮೆರವಣಿಗೆ ನಡೆದರು. ಬಾರ್ನ್ಸ್ ಹಾಲ್ ಎಂಬ ಕಟ್ಟಡದ ಮುಂದೆ ಅಂದು ಅನಾವರಣವಾದ ಸ್ಮಾರಕವು ಎತ್ತರದ ಪ್ರತಿಮೆಯಲ್ಲ; ‘ರತ್ನ’ ಎಂಬ ಇಂಗ್ಲಿಷ್ ಶಬ್ದದ ಮೊದಲ ಅಕ್ಷರವಾದ ‘ಜೆ’ ಆಕಾರದಲ್ಲಿ ಬಾಗಿದ ಒಂದು ಗೋಡೆ, ಅದರ ಮೇಲೊಂದು ಫಲಕ, ಮತ್ತು ದಾರಿಯಲ್ಲಿ ಹೋಗುವ ಯಾವ ವಿದ್ಯಾರ್ಥಿಯಾದರೂ ಕುಳಿತುಕೊಳ್ಳಬಹುದಾದ ಒಂದು ಆಸನ.